ಸಾಂಬ್ರಾಕ್ಕೆ ಹೋಗಿ ಬಂದದ್ದು

ನಮ್ಮ ಸೋದರಮಾವ ಏರ್‌ಫೋರ್ಸಿನಲ್ಲಿ ಎಂಜಿನ್ ಫಿಟ್ಟರ್ ಆಗಿದ್ದ. ಸಾರ್ಜೆಂಟ್ ಆಗಿ ಪಿಂಚಣಿ ತೊಗೊಂಡು ಬಂದವನು ಗದಗ ಮಗ್ಗುಲಿನ ನಮ್ಮೂರು ಅಸುಂಡಿಯಲ್ಲೇ ಮನೆ ಕಟ್ಟಿದ. ಅವ್ವನ ತವರೂ ಅಸುಂಡಿಯೇ. ಮೇಲಿನ ಓಣಿಯಿಂದ ಕೆಳಗಿನ ಓಣಿಗೆ ಮದುವೆಯಾಗಿ ಬಂದವಳು. ಹೀಗಾಗಿ ಸಂಜೆಯಾದರೆ ಮಾವ ನಮ್ಮ ಕಟ್ಟೆಗೆ ಹಾಜರು. ಅವ್ವ ಚಾ ಇಡುವುದು, ಇವನು ಸಕ್ಕರೆ ಹೆಚ್ಚಾತು ಅನ್ನುವುದು, ಅವಳು ಹಾಗಾದರೆ ನಾಳೆ ಬರಬೇಡ ಅನ್ನುವುದು, ಇದು ದಿನದ ಪಾಠ.

ಅವನ ಪಡಸಾಲೆಯ ಗೋಡೆಗೆ ಒಂದು ಹಲಗೆ ಇದೆ. ಅದರ ಮೇಲೆ ಪಾನಾ, ಇಕ್ಕಳ, ಸ್ಕ್ರೂಡ್ರೈವರು, ಕಾನಸು ಎಲ್ಲದರ ಆಕಾರವನ್ನೂ ಕೆಂಪು ಬಣ್ಣದಲ್ಲಿ ಬರೆದು, ಆಯಾ ಆಕಾರದ ಮೇಲೆ ಆಯಾ ಸಾಮಾನನ್ನೇ ತೂಗುಹಾಕಿದ್ದಾನೆ. ಯಾರಾದರೂ ಪಂಪ್‌ಸೆಟ್ಟಿಗೆ ಬೇಕು ಅಂತ ಪಾನಾ ಒಯ್ದರೆ ಆ ಜಾಗದಲ್ಲಿ ಬರೀ ಕೆಂಪು ಬಣ್ಣ ಉಳಿಯುತ್ತದೆ. ಅದು ತಿರುಗಿ ಬಂದು ಮೊಳೆಗೆ ನೇತಾಡುವ ತನಕ ಮಾವನಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಓಣಿಯ ಮಂದಿ ಇವನನ್ನು ಜಿಪುಣ ಅಂದರು. ಜಿಪುಣತನವಲ್ಲ ಅದು. ವಿಮಾನದ ಕೆಲಸ ಮುಗಿದ ಮೇಲೆ ಸಾಮಾನು ಎಣಿಸಬೇಕಂತೆ. ಒಂದು ಕಡಿಮೆ ಬಿದ್ದರೂ ಆ ವಿಮಾನ ನೆಲ ಬಿಡುವಂತಿಲ್ಲ. ಜೆಟ್ ಎಂಜಿನ್ನು ಗಾಳಿ ಎಳೆದುಕೊಳ್ಳುವಾಗ ಅದರ ಜೊತೆ ಒಂದು ನಟ್ಟು ಒಳಗೆ ಹೋದರೂ ಸಾಕು, ಬ್ಲೇಡುಗಳೆಲ್ಲ ಪುಡಿ. ಪೈಲಟ್ಟಿನ ಜೀವ ಆ ಹಲಗೆಯ ಮೇಲೆ ನೇತಾಡುತ್ತಿರುತ್ತದೆ ಅಂತ ಮಾವ ಹೇಳುತ್ತಿದ್ದ.

ಹೇಳಹೊರಟದ್ದು ಸಾಂಬ್ರಾದ ಕಥೆ. ಮಾವನ ಸುದ್ದಿ ಬಂದರೆ ಹೀಗೇ, ದಾರಿ ಬಿಟ್ಟು ಹೊಲ ಹೊಕ್ಕಂತೆ.

ನಮ್ಮ ಅಣ್ಣನ ಮಗ ಪಿಯುಸಿ ಮುಗಿಸಿ ಪರೀಕ್ಷೆ ಬರೆದು, ಓಡಿ, ದಂಡ ಹೊಡೆದು ಏರ್‌ಫೋರ್ಸಿಗೆ ಆಯ್ಕೆಯಾದ. ತರಬೇತಿ ಬೆಳಗಾವಿ ಮಗ್ಗುಲಿನ ಸಾಂಬ್ರಾದಲ್ಲಿ. ಅದು ಮುಗಿಯುವಾಗ ಪಾಸಿಂಗ್ ಔಟ್ ಪರೇಡು, ಮನೆಯವರು ಬರಬಹುದು ಅಂತ ಪತ್ರ ಬಂತು. ಪಠಾಣಕೋಟದ ಏರ್‌ಫೋರ್ಸ್ ನೆಲೆಗೆ ಉಗ್ರರು ನುಗ್ಗಿದ ಗದ್ದಲವಾಗಿ ವರ್ಷ ತುಂಬಿತ್ತೋ ಇಲ್ಲವೋ, ಅಷ್ಟು ಸರಿಯಾಗಿ ನೆನಪಿಲ್ಲ. ಸೀತನಿ ಸುಡುವ ಕಾಲ ಅನ್ನುವುದು ಮಾತ್ರ ಪಕ್ಕಾ. ಯಾಕೆಂದರೆ ಹಿಂದಿನ ದಿನ ಸಂಜೆ ಹೊಲದಲ್ಲಿ ಕುಳ್ಳು ಹಚ್ಚಿ ಹಾಲುಗಾಳಿನ ತೆನೆ ಸುಟ್ಟು, ಬಡಿದು, ಬೆಲ್ಲ-ಕೊಬ್ಬರಿ ಕಲಸಿ ಆ ಹುಡುಗನಿಗೆಂದು ಡಬ್ಬಿ ತುಂಬಿದ ನೆನಪಿದೆ. ಅದು ದಾರಿಯಲ್ಲೇ ಖಾಲಿಯಾಯಿತು. ಯಾರು ತಿಂದರು ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಊರಲ್ಲಿ ಆಗಲೇ ಹುಡುಗ ಪೈಲಟ್ ಆಗಿಹೋಗಿದ್ದ. ಹೊರಡುವ ದಿನ ನಸುಕಿನಲ್ಲಿ ಕ್ರೂಸರ್ ಗಾಡಿ ಬಂದು ನಿಂತಾಗ, ಹಾಲು ಹಾಕುವಾತ ಕ್ಯಾನ್ ಕೆಳಗಿಟ್ಟು, “ನಮ್ಮ ಊರ ಮ್ಯಾಲ ಬಂದಾಗ ಒಂದು ಸುತ್ತ ಹಾಕು ಅಂತ ಹೇಳ್ರಿ” ಅಂದ. ಮಾವ ಉತ್ತರ ಕೊಡಲಿಲ್ಲ. ಮಫ್ಲರು ಬಿಗಿ ಮಾಡಿಕೊಂಡು ಡ್ರೈವರನ ಪಕ್ಕದ ಸೀಟಿನಲ್ಲಿ ಕೂತ. ಹುಲಕೋಟಿ ದಾಟಿ ಅಣ್ಣಿಗೇರಿ ಹತ್ತಿರ ಬರುವ ತನಕ ಅವನು ಬಾಯಿ ಬಿಡಲಿಲ್ಲ. ಎರೆ ಹೊಲಗಳ ಮೇಲೆ ಮಂಜು ಮೊಳಕಾಲಮಟ ಕೂತಿತ್ತು. ಕಡಲಿಯ ಹುಳಿ ವಾಸನೆ ಕಿಟಕಿಯಿಂದ ಬರುತ್ತಿತ್ತು. ಪಂಪನ ಊರು ಬಂತು ಅಂತ ನಾನು ಹೇಳಿದ್ದಕ್ಕೆ ಯಾರೂ ಹೂಂ ಅನ್ನಲಿಲ್ಲ.

ಆಮೇಲೆ ಮಾವ ತಾನಾಗಿಯೇ ಶುರುಮಾಡಿದ.

“1932ರಾಗ, ಅಕ್ಟೋಬರ್ 8ಕ್ಕ ಕಾಯ್ದೆ ಪ್ರಕಾರ ಇಂಡಿಯನ್ ಏರ್‌ಫೋರ್ಸ್ ಹುಟ್ಟಿತು. ಮರುವರ್ಷ ಎಪ್ರಿಲ್ 1ಕ್ಕ ಕರಾಚಿಯೊಳಗ ಮೊದಲನೇ ಸ್ಕ್ವಾಡ್ರನ್ ಶುರುವಾತು. ಎಷ್ಟು ವಿಮಾನ ಇದ್ದವು ಹೇಳ್ರಿ?”

ಅಣ್ಣ ನೂರು ಅಂದ. ಅವ್ವ ಐವತ್ತು ಅಂದಳು.

“ನಾಲ್ಕು. ವಾಪಿಟಿ ಅಂತ, ಮ್ಯಾಲೊಂದು ಕೆಳಗೊಂದು ರೆಕ್ಕಿ ಇದ್ದ ವಿಮಾನ. ಆರು ಮಂದಿ ಆಫೀಸರ್ಸು. ಅವರ ಕೂಡ 19 ಮಂದಿ ಹವಾಯಿ ಸಿಪಾಯಿಗಳು. ಆ ಆರು ಮಂದಿಯೊಳಗ ಸುಬ್ರತೋ ಮುಖರ್ಜಿ ಅನ್ನಾಂವ ಮುಂದ 1954ರಾಗ ಇಡೀ ಏರ್‌ಫೋರ್ಸಿಗೇ ದೊಡ್ಡಾಂವ ಆದ, ಮೊದಲನೇ ಭಾರತೀಯ. ಅವನ ಹೆಸರು ಪುಸ್ತಕದಾಗ ಐತಿ. ಆ 19 ಮಂದಿ ಹೆಸರು ಯಾರಿಗೆ ಗೊತ್ತೈತಿ?”

ಗಾಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾವನಿಗೂ ಗೊತ್ತಿರಲಿಲ್ಲ, ಆದರೆ ಅವನು ಅದನ್ನು ನಮ್ಮ ತಪ್ಪು ಅನ್ನುವ ಹಾಗೆ ನೋಡಿದ.

ಹುಬ್ಬಳ್ಳಿ ಬೈಪಾಸಿನಲ್ಲಿ ಚಾ ಕುಡಿದೆವು. ಅಲ್ಲಿ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದರ ಮಾತು ಬಂತು. ಬಾರದೆ ಇರುವುದಾದರೂ ಹೇಗೆ? 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಇದ್ದು ಜೀವಂತ ಸಿಕ್ಕಿದ್ದರು, ದಿಲ್ಲಿಯ ಆಸ್ಪತ್ರೆಯಲ್ಲಿ 11ನೇ ತಾರೀಕು ತೀರಿಕೊಂಡರು. ಅವರು ಭೂಸೇನೆಯವರು. ಆದರೆ ಅಷ್ಟು ಎತ್ತರದಿಂದ ಅವರನ್ನು ಕೆಳಗಿಳಿಸಿದ್ದು ಹೆಲಿಕಾಪ್ಟರು, ದಿಲ್ಲಿಗೆ ತಂದದ್ದು ವಿಮಾನ. ಅಂಥ ಚಳಿಯಲ್ಲಿ ಹೆಲಿಕಾಪ್ಟರನ್ನು ಶುರು ಮಾಡುವುದೇ ಒಂದು ತಪಸ್ಸು ಅಂತ ಮಾವ ಚಾದ ಗ್ಲಾಸಿಗೆ ಕೈ ಕಾಸಿಕೊಳ್ಳುತ್ತ ಹೇಳಿದ. ಅವ್ವ ಕಣ್ಣೊರೆಸಿಕೊಂಡಳು. ಬೆಟದೂರಿನಲ್ಲಿ ನಮಗೆ ನೆಂಟರಿಲ್ಲ, ಆದರೂ ಆ ವಾರ ನಮ್ಮ ಓಣಿಯಲ್ಲಿ ಯಾರ ಮನೆಯ ಟಿವಿಯೂ ಆರಿರಲಿಲ್ಲ.

ಧಾರವಾಡ, ಕಿತ್ತೂರು, ಹಿರೇಬಾಗೇವಾಡಿ. ಬೆಳಗಾವಿ ಹತ್ತಿರವಾದಂತೆ ಮಣ್ಣಿನ ಬಣ್ಣ ಬದಲಾಯಿತು, ಚಳಿ ಹೆಚ್ಚಾಯಿತು. ಗದಗಿನ ಚಳಿ ಬಿಸಿಲು ಬಿದ್ದ ಕೂಡಲೇ ಸೋಲುವ ಚಳಿ. ಬೆಳಗಾವಿಯದು ಹಾಗಲ್ಲ, ಬಿಸಿಲಲ್ಲಿ ನಿಂತರೂ ಬೆನ್ನು ಬಿಡುವುದಿಲ್ಲ. ಸಾಂಬ್ರಾ ಊರ ಹೊರಗೆ ಬಾಗಲಕೋಟೆ ರಸ್ತೆಯಲ್ಲಿದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರ ಸುಮಾರಿಗೆ ಬ್ರಿಟಿಷರು ಮಾಡಿದ ವಿಮಾನ ನಿಲ್ದಾಣ ಅದು. ಈಗ ರನ್‌ವೇ ಒಂದೇ, ಪ್ರಯಾಣಿಕರ ವಿಮಾನಗಳೂ ಅಲ್ಲೇ ಇಳಿಯುತ್ತವೆ. ದೇಶದ ಯಾವ ಮೂಲೆಯಿಂದ ಏರ್‌ಮನ್ ಆಗಿ ಸೇರಿದರೂ ಆಗ ಮೊದಲು ಇಲ್ಲಿ ಕಾಲು ಹಾಕಲೇಬೇಕಿತ್ತು. ಗೇಟಿನ ಮುಂದೆ ನಿಂತ ಗಾಡಿಗಳನ್ನು ನೋಡಿದರೆ ಅದು ಗೊತ್ತಾಗುತ್ತಿತ್ತು. ಬಿಹಾರದಿಂದ ಬಂದವರು, ರಾಜಸ್ಥಾನದಿಂದ ದೊಡ್ಡ ರುಮಾಲು ಸುತ್ತಿ ಬಂದವರು, ಒಡಿಶಾದ ಒಂದು ಕುಟುಂಬ ರೈಲಿನ ನಿದ್ದೆ ಇನ್ನೂ ಮುಖದ ಮೇಲಿದ್ದ ಹಾಗೇ.

ಗೇಟಿನಲ್ಲಿ ನಮ್ಮ ಮೆರವಣಿಗೆ ನಿಂತಿತು.

ಗುರುತಿನ ಚೀಟಿ, ಗಾಡಿ ನಂಬರು, ಮೊಬೈಲು ಎಲ್ಲ ಆಯಿತು. ಮೊಬೈಲು ಒಳಗೆ ಬಿಡುವುದಿಲ್ಲ ಅಂದರು, ಕೊಟ್ಟೆವು. ಗಾಡಿಯ ಕೆಳಗೆ ಕೋಲಿಗೆ ಕಟ್ಟಿದ ಕನ್ನಡಿ ಹಾಯಿಸಿ ನೋಡಿದರು. ಕೊನೆಗೆ ಅವ್ವನ ಎಲೆ-ಅಡಿಕೆ ಸಂಚಿ. ಕಾವಲಿನ ಹುಡುಗ ಅದನ್ನು ಮೇಜಿನ ಮೇಲೆ ಬಿಚ್ಚಿದ. ಎಲೆ ಬಂತು, ಸುಣ್ಣದ ಡಬ್ಬಿ ಬಂತು, ಕಾಚು ಬಂತು, ಗದಗಿನ ದವಾಖಾನೆಯ ಹಳೇ ಚೀಟಿ ಬಂತು. ಅಡಿಯಲ್ಲಿ ಹಿತ್ತಾಳೆ ಹಿಡಿಯ, ನವಿಲಿನ ಆಕಾರದ ಅಡಕತ್ತರಿ. ಹುಡುಗ ಅದನ್ನು ಎತ್ತಿ, ಬಿಚ್ಚಿ, ಮುಚ್ಚಿ, ಇನ್ನೊಬ್ಬನಿಗೆ ತೋರಿಸಿದ. ಅವನೂ ಬಿಚ್ಚಿ ಮುಚ್ಚಿದ. ಉತ್ತರದ ಕಡೆಯವರು, ಅಂಥದ್ದನ್ನು ಕಂಡಿರಲಿಲ್ಲ ಕಾಣುತ್ತದೆ.

“ಯೇ ಅಂದರ್ ನಹೀಂ ಜಾಯೇಗಾ, ಮಾತಾಜಿ.”

“ಏನಂತಾನ?” ಅಂದಳು ಅವ್ವ.

“ಅಡಕತ್ತರಿ ಒಳಗ ಬಿಡಂಗಿಲ್ಲ ಅಂತಾನ.”

“ಅಯ್ಯ, ನನ್ನ ಮದುವಿಗೆ ನಮ್ಮಪ್ಪ ಕೊಟ್ಟದ್ದದು. ಅದರಿಂದ ನಾ ಯಾರನ್ನ ಇರೀಲಿ?”

ಮಾವ ಮಧ್ಯೆ ಬಂದ. ಹುಡುಗನ ಪರವಾಗಿ ವಾದಿಸುತ್ತಾನೆ ಅಂತ ನಾವು ತಿಳಿದಿರಲಿಲ್ಲ. “ಅಕ್ಕಾ, ಕೊಡು. ಅಂವ ಬಿಟ್ಟರ ಅವನ ತಪ್ಪಾಗತೈತಿ” ಅಂದವನೇ ಹುಡುಗನ ಕಡೆ ತಿರುಗಿ, ಹಿಂದಿಯಲ್ಲಿ ಏನೋ ಹೇಳಿ, ಚೀಟಿ ಬರೆಸಿಕೊಂಡು, ಆ ಚೀಟಿಯನ್ನು ಮಡಚಿ ಅವ್ವನ ಸೆರಗಿನ ತುದಿಗೆ ಕಟ್ಟಿದ. ಹಿಡಿ ಅಡಿಕೆ ಇತ್ತಲ್ಲ, ಅದನ್ನು ಕತ್ತರಿಸುವ ಗತಿಯಿಲ್ಲದೆ ಅವ್ವ ಇಡೀ ಪರೇಡನ್ನು ಬರೀ ಎಲೆ-ಸುಣ್ಣ ಹಾಕಿಕೊಂಡೇ ನೋಡಿದಳು.

ಪರೇಡಿನ ಬಗ್ಗೆ ಹೇಳುವುದು ಕಡಿಮೆ. ಬ್ಯಾಂಡು ಚೆನ್ನಾಗಿತ್ತು. ನೀಲಿ ಬಟ್ಟೆಯ ನೂರಾರು ಹುಡುಗರು ಒಂದೇ ಸಲ ಕಾಲು ನೆಲಕ್ಕೆ ಹಾಕಿದಾಗ ನಾವು ಕೂತ ಕುರ್ಚಿಗೆ ಅದು ತಿಳಿಯುತ್ತಿತ್ತು. ಅವ್ವನ ಕಣ್ಣಿಗೆ ಎಲ್ಲರೂ ಮೊಮ್ಮಗನ ಹಾಗೇ ಕಂಡರು. “ಅಂವನ? ಅಂವನ?” ಅಂತ ಕೇಳಿ ಕೇಳಿ, ಕಡೆಗೆ ಯಾರೋ ಬೇರೆಯವರ ಮಗನಿಗೆ ಕೈ ಎತ್ತಿ ಆಶೀರ್ವಾದ ಮಾಡಿದಳು. ನಾವು ತಿದ್ದಲಿಲ್ಲ. ಇನ್ನು ಫೈಟರ್ ವಿಮಾನ ನೋಡಬೇಕು ಅಂತ ನಮ್ಮ ಕೂಡ ಬಂದಿದ್ದ ಸಣ್ಣ ಹುಡುಗರಿಗೆ ಅದರ ನೆರಳೂ ಕಾಣಲಿಲ್ಲ. ಪ್ರಯಾಣಿಕರ ವಿಮಾನವೊಂದು ಗುಂಯ್ ಅಂತ ಬಂದು ಇಳಿದದ್ದೇ ಭಾಗ್ಯ.

“ಇಲ್ಲಿ ಯಾಕ ಇರತಾವು? ಪೈಲಟ್ಟರು ಜೆಟ್ ಕಲಿಯೂದು ಬೀದರಿನಾಗ, ಹಾಕ್ ವಿಮಾನದ ಮ್ಯಾಲ. ಸೂರ್ಯಕಿರಣದವರು ಇರೂದೂ ಅಲ್ಲೇ. ಏರ್ ಶೋ ನೋಡಬೇಕಂದ್ರ ಯಲಹಂಕಕ್ಕ ಹೋಗ್ರಿ. ರಾಡಾರು, ರೇಡಿಯೋ ಕಲಿಯೋರು ಜಾಲಹಳ್ಳಿಯೊಳಗ. ಇದೆಲ್ಲಾದರ ಮ್ಯಾಲೆ ಬೆಂಗಳೂರಾಗ ಟ್ರೇನಿಂಗ್ ಕಮಾಂಡು” ಅಂದ ಮಾವ. ದೇಶದಲ್ಲಿ ಇಂಥ ಕಮಾಂಡು ಏಳು. ದಿಲ್ಲಿ, ಗಾಂಧಿನಗರ, ಪ್ರಯಾಗರಾಜ್, ಶಿಲ್ಲಾಂಗ್, ತಿರುವನಂತಪುರ, ಇವು ಐದು ಯುದ್ಧ ಮಾಡುವವು. ಬೆಂಗಳೂರಿನದು ಕಲಿಸುವುದು, ನಾಗಪುರದ್ದು ರಿಪೇರಿ ಮತ್ತು ಸಾಮಾನಿನದು. ಕಮಾಂಡಿನ ಕೆಳಗೆ ವಿಂಗು, ವಿಂಗಿನ ಕೆಳಗೆ ಸ್ಕ್ವಾಡ್ರನ್ನು, ಒಂದು ಫೈಟರ್ ಸ್ಕ್ವಾಡ್ರನ್ನಿಗೆ 16ರಿಂದ 18 ವಿಮಾನ. ಹುದ್ದೆಗಳ ಹೆಸರನ್ನೂ ಒಂದೇ ಉಸಿರಿಗೆ ಹೇಳಿದ. ನನಗೆ ಉಳಿದದ್ದು ಅವನದೇ ಸಾರ್ಜೆಂಟ್ ಮಾತ್ರ. ಅಣ್ಣ ಕೇಳಿದ, ಅಷ್ಟೆಲ್ಲ ಮಂದಿಯೊಳಗ ವಿಮಾನ ಹಾರಿಸೋರು ಎಷ್ಟು ಅಂತ. ಮಾವ ನಕ್ಕ. “ತೇರಿನ ಮ್ಯಾಲ ಕುಂಡ್ರಾಂವ ಒಬ್ಬ ಪೂಜಾರಿ. ಹಗ್ಗ ಎಳಿಯೋರೆಷ್ಟು, ಗಾಲಿಗೆ ಕಟ್ಟಿಗಿ ಕೊಡೋರೆಷ್ಟು, ದಾರಿ ಹಸನ ಮಾಡೋರೆಷ್ಟು? ಹಂಗ.”

ಪರೇಡು ಮುಗಿದು ಹುಡುಗ ನಮ್ಮ ಕಡೆ ಬಂದ. ಕರ್ರಗಾಗಿದ್ದ, ಕುತ್ತಿಗೆ ನೆಟ್ಟಗಾಗಿತ್ತು. ಅವ್ವ ಅವನ ಅಂಗೈ ಹಿಡಿದು ತಿರುವಿ ನೋಡಿದಳು. ರೊಟ್ಟಿ ಬುತ್ತಿ ಬಿಚ್ಚಿದೆವು: ಕಟಕ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ, ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರು. ಹುಡುಗ ಮಾತಿಲ್ಲದೆ ತಿಂದ. ಒಡಿಶಾದ ಅವನ ಗೆಳೆಯನೊಬ್ಬನನ್ನೂ ಕರೆತಂದಿದ್ದ. ಆ ಹುಡುಗ ಕಟಕ ರೊಟ್ಟಿಯನ್ನು ಮೊದಲು ಹಪ್ಪಳ ಅಂದುಕೊಂಡು ಕೈಯಲ್ಲಿ ಮುರಿದು ಒಣದನ್ನೇ ತಿನ್ನುತ್ತಿದ್ದ. ಅವ್ವ ಅದನ್ನು ಕಸಿದುಕೊಂಡು ಎಣ್ಣೆಗಾಯಿ ಹಾಕಿ ಕಲಸಿ ಕೊಟ್ಟಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಬೇಡಿದ.

ಅಣ್ಣ ಮೆಲ್ಲಗೆ ಕೇಳಿದ, “ಯಾವ ಟ್ರೇಡ್ ಕೊಟ್ಟಾರ?”

“ಸೆಕ್ಯುರಿಟಿ, ಅಪ್ಪಾ.”

ಅಣ್ಣನ ಮುಖ ಸಣ್ಣದಾಯಿತು. ಮಾವನ ಹಾಗೆ ಎಂಜಿನ್ ಬಿಚ್ಚುವ ಕೆಲಸವಾದರೂ ಸಿಗಲಿ ಅಂತ ಅವನ ಆಸೆ. ಗೇಟು ಕಾಯಾಕ ಇಷ್ಟೆಲ್ಲ ಓದಿಸಬೇಕಿತ್ತೇನು ಅನ್ನುವುದು ಬಾಯಿಗೆ ಬಂದು ನಿಂತಿತ್ತು. ಅವ್ವನಿಗೆ ಬೇರೆ ಚಿಂತೆ. “ಹಂಗಾರ ನಾಳಿ ನೀನೂ ಮುದಕೇರ ಅಡಕತ್ತರಿ ಕಸಗೊತೀಯೇನು?” ಅಂದಳು.

ಆಗ ಮಾವ ಕೈ ತೊಳೆದುಕೊಂಡು ಬಂದು ಹೇಳಿದ್ದು ಪಠಾಣಕೋಟದ ಕಥೆ. ಅದರ ತುಣುಕುಗಳನ್ನು ಕಟ್ಟೆಯ ಮೇಲೆ ಕೇಳಿದ್ದೆ, ಪೂರ್ತಿ ಕೇಳಿದ್ದು ಅವತ್ತೇ.

1971ರ ಡಿಸೆಂಬರಿನಲ್ಲಿ ಅವನು ಪಠಾಣಕೋಟದಲ್ಲಿದ್ದ, ಹಂಟರ್ ವಿಮಾನಗಳ ಮೇಲೆ. ವಯಸ್ಸು ಈ ಹುಡುಗನಿಗಿಂತ ಒಂದೆರಡು ಹೆಚ್ಚು. ಹಿರಿಯ ಫಿಟ್ಟರುಗಳು ಅವನಿಗೆ ಮೊದಲು ಕಲಿಸಿದ್ದು ಎಂಜಿನ್ ಅಲ್ಲ, 1965ರ ಸೆಪ್ಟೆಂಬರ್ 6ರ ಸಂಜೆಯ ಕಥೆ. ಅವತ್ತು ಪಾಕಿಸ್ತಾನದ ಸೇಬರ್ ವಿಮಾನಗಳು ಬಂದು ಇದೇ ಪಠಾಣಕೋಟದಲ್ಲಿ ನೆಲದ ಮೇಲೆ ನಿಂತಿದ್ದ ಸುಮಾರು 10 ವಿಮಾನಗಳನ್ನು ಸುಟ್ಟುಹಾಕಿದವು. ಆಗತಾನೇ ಬಂದ ಎರಡು ಮಿಗ್-21 ಕೂಡ ಅದರಲ್ಲಿದ್ದವು. ಒಂದೂ ಹಾರುತ್ತ ಬಿದ್ದದ್ದಲ್ಲ, ಎಲ್ಲ ನಿಂತಲ್ಲೇ. “ಹಾರೂವಾಗ ಹುಲಿ, ನಿಂತಾಗ ಅದು ಎಣ್ಣಿ ತುಂಬಿದ ಡಬ್ಬಿ” ಅಂತ ಹಿರಿಯರು ಹೇಳುತ್ತಿದ್ದರಂತೆ. ಆ ಪೆಟ್ಟು ತಿಂದ ಮೇಲೆ ವಿಮಾನಗಳನ್ನು ಸಾಲಾಗಿ ನಿಲ್ಲಿಸುವುದು ಬಿಟ್ಟರು. ಒಂದೊಂದನ್ನೂ ದೂರ ದೂರ ಇಟ್ಟು ಸುತ್ತ ದಪ್ಪ ಗೋಡೆ ಎಬ್ಬಿಸಿದರು.

1971ರ ಡಿಸೆಂಬರ್ 3ರ ಸಂಜೆ ಮತ್ತೆ ಬಂದರು. ಮೊದಲ ಪೆಟ್ಟುಗಳಲ್ಲಿ ಪಠಾಣಕೋಟವೂ ಒಂದು. ಇಂದಿರಾ ಗಾಂಧಿ ಆಗ ಕಲ್ಕತ್ತದಲ್ಲಿದ್ದರು. ಮಾವ ಕಂದಕದಲ್ಲಿ ಬಾಯಿಗೆ ಮಣ್ಣು ಹತ್ತಿಸಿಕೊಂಡು ಮಲಗಿದ್ದ. ಸದ್ದು ನಿಂತಾಗ ಎದ್ದು ನೋಡಿದರೆ ರನ್‌ವೇಗೆ ಪೆಟ್ಟು ಬಿದ್ದಿತ್ತು, ವಿಮಾನಗಳು ಗೋಡೆಗಳ ನಡುವೆ ಇದ್ದ ಹಾಗೇ ಇದ್ದವು. ಆದಂಪುರದ ವಿಮಾನಗಳು ಮೇಲೆ ಕಾವಲು ಸುತ್ತುತ್ತಿದ್ದವು, ಇವರು ಕೆಳಗೆ ಗುಂಡಿ ಮುಚ್ಚುತ್ತಿದ್ದರು. ಎಂಜಿನ್ ಫಿಟ್ಟರು, ಅಡಿಗೆಯವ, ಕಾರಕೂನ ಯಾರು ಅನ್ನುವ ಭೇದ ಇರಲಿಲ್ಲವಂತೆ. ದೀಪ ಹಚ್ಚುವ ಹಾಗಿಲ್ಲ. ಕತ್ತಲಲ್ಲಿ ಕೈ ಸವರಿಕೊಂಡೇ ಸಾಮಾನು ಎಣಿಸಿದ್ದನ್ನು ಮಾವ ಹೇಳುವಾಗ ಅವನ ಬೆರಳುಗಳು ಗಾಳಿಯಲ್ಲಿ ಎಣಿಸುತ್ತಿದ್ದವು. ಆ ರಾತ್ರಿ ಅಸುಂಡಿಯಲ್ಲಿ ಅವನ ಅಪ್ಪ ರೇಡಿಯೋ ಇದ್ದವರ ಮನೆ ಮುಂದೆ ಕೂತೇ ಬೆಳಗು ಮಾಡಿದ್ದನ್ನು ಅವ್ವ ಸೇರಿಸಿದಳು. ಸುದ್ದಿಯಲ್ಲಿ ಪಠಾಣಕೋಟ ಅನ್ನುವ ಹೆಸರು ಕೇಳಿದ ಮೇಲೆ ಮನೆಯಲ್ಲಿ ಯಾರೂ ಉಂಡಿರಲಿಲ್ಲ.

“ಮೂರನೇ ಸಲ ವಿಮಾನದಾಗ ಬರಲಿಲ್ಲ, ಗ್ವಾಡಿ ಹಾರಿ ಬಂದರು” ಅಂದ ಮಾವ.

2016ರ ಜನವರಿಯ ಆ ದಾಳಿಯನ್ನು ಅವನು ಟಿವಿ ಮುಂದೆ ನಿಂತೇ ನೋಡಿದ್ದನ್ನು ನಾನೇ ಕಂಡಿದ್ದೆ. ಕೂಡು ಅಂದರೂ ಕೂಡಲಿಲ್ಲ. ಉಗ್ರರು ನುಗ್ಗಿದಾಗ ಮೊದಲು ಎದುರಾದವರು ಡಿಫೆನ್ಸ್ ಸೆಕ್ಯುರಿಟಿ ಕೋರಿನ ಮಂದಿ. ಬಹಳಷ್ಟು ಮಂದಿ ಒಮ್ಮೆ ನಿವೃತ್ತರಾಗಿ ಮತ್ತೆ ಕಾವಲಿಗೆ ಸೇರಿದ ಹಳೇ ಸೈನಿಕರು. ಹವಾಲ್ದಾರ್ ಜಗದೀಶ್ ಚಂದ್ ಕೈಯಲ್ಲಿ ಬಂದೂಕಿಲ್ಲದೆ ಒಬ್ಬನನ್ನು ಬೆನ್ನಟ್ಟಿ ಹಿಡಿದು, ಅವನದೇ ಬಂದೂಕಿನಿಂದ ಅವನನ್ನು ಕೊಂದು, ತಾವೂ ಸತ್ತರು. ಆ ಕೋರಿನ ಐವರು, ಏರ್‌ಫೋರ್ಸಿನ ಗರುಡ್ ಕಮಾಂಡೊ ಗುರ್ಸೇವಕ್ ಸಿಂಗ್, ಬಾಂಬು ನಿಷ್ಕ್ರಿಯ ಮಾಡುವಾಗ ಎನ್‌ಎಸ್‌ಜಿಯ ಲೆಫ್ಟಿನೆಂಟ್ ಕರ್ನಲ್ ನಿರಂಜನ್, ಒಟ್ಟು ಏಳು ಮಂದಿ ಜೀವ ಕೊಟ್ಟರು. ನಿರಂಜನ್ ಬೆಂಗಳೂರಿನಲ್ಲಿ ಬೆಳೆದವರು. ವಿಮಾನಗಳು ಸುರಕ್ಷಿತವಾಗಿ ಉಳಿದವು.

“ಆ ಏಳು ಮಂದಿಯೊಳಗ ಪೈಲಟ್ ಯಾರೂ ಇದ್ದಿದ್ದಿಲ್ಲ. ಈಗ ಹೇಳು, ಗೇಟು ಕಾಯೂದು ಸಣ್ಣ ಕೆಲಸೇನು?”

ಅಣ್ಣ ಹೋಳಿಗೆಯ ತುಂಡು ಬಾಯಿಗೆ ಹಾಕಿಕೊಂಡ. ಅದು ಒಪ್ಪಿಗೆಯೋ ಏನೋ ಗೊತ್ತಾಗಲಿಲ್ಲ. ನಾನಂತೂ ಅವತ್ತಿನಿಂದ ಏರ್‌ಫೋರ್ಸ್ ದಿನಾಚರಣೆಯ ಸುದ್ದಿ ನೋಡುವಾಗ ಮೇಲಿನ ಹೊಗೆಯ ಬಣ್ಣಕ್ಕಿಂತ ಕೆಳಗೆ ನಿಂತು ಕೈ ಸನ್ನೆ ಮಾಡುವವನನ್ನೇ ಹುಡುಕುತ್ತೇನೆ. ಕ್ಯಾಮೆರಾದವರು ಅವನನ್ನು ತೋರಿಸುವುದು ಅಪರೂಪ. ನನಗೆ ಅದು ಸರಿ ಕಾಣುವುದಿಲ್ಲ.

ಪೈಲಟ್ಟರ ಮೇಲೆ ಮಾವನಿಗೆ ಹಗೆಯೇನಿಲ್ಲ, ಅದನ್ನೂ ಹೇಳಬೇಕು. ತಿರುಗಿ ಬರುವಾಗ ಕಿತ್ತೂರಿನ ಹತ್ತಿರ ಕೊಡಗಿನ ಅಜ್ಜಮಾಡ ದೇವಯ್ಯನವರ ಸುದ್ದಿ ತೆಗೆದ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಅವರದು ಕಾಯ್ದಿಟ್ಟ ವಿಮಾನ, ಯಾರದಾದರೂ ಕೆಟ್ಟರೆ ಹೋಗಬೇಕು ಅಷ್ಟೇ. ಕರಾಚಿಯಲ್ಲಿ ನಾಲ್ಕು ವಿಮಾನದಿಂದ ಶುರುವಾಯಿತಲ್ಲ, ಅವರದು ಅದೇ ಒಂದನೇ ಸ್ಕ್ವಾಡ್ರನ್. ಅವರೂ ಹೋದರು, ಸರ್ಗೋಧಾದಲ್ಲಿ ತಮ್ಮದಕ್ಕಿಂತ ಎಷ್ಟೋ ಹೆಚ್ಚು ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ ತಾವೂ ತೀರಿಕೊಂಡರು. ತಿರುಗಿ ಬಂದು ಹೇಳುವವರು ಇರಲಿಲ್ಲವಾದ್ದರಿಂದ ನಮ್ಮವರಿಗೇ ಅದು ವರ್ಷಗಟ್ಟಲೆ ಗೊತ್ತಾಗಲಿಲ್ಲ. ಇಂಗ್ಲೆಂಡಿನ ಲೇಖಕನೊಬ್ಬ ಪಾಕಿಸ್ತಾನದವರ ಕಡೆಯಿಂದ ಬರೆದ ಪುಸ್ತಕದಿಂದ ಸುಳಿವು ಹತ್ತಿ, 1988ರಲ್ಲಿ ಮಹಾವೀರ ಚಕ್ರ ಬಂತು. “ಅವತ್ತು ಬೆಳಿಗ್ಗೆ ಆ ವಿಮಾನದ ಕಾಗದದ ಮ್ಯಾಲ ಸಹಿ ಮಾಡಿ ಕಳಿಸಿದ ಫಿಟ್ಟರ್ ಒಬ್ಬಾಂವ ಇರಬೇಕಲ್ಲ. ಅಂವಗ ಯಾವಾಗ ಗೊತ್ತಾತೋ” ಅಂದು ಮಾವ ಕಿಟಕಿಯ ಕಡೆ ತಿರುಗಿದ. ಅವ್ವ ಅಷ್ಟರಲ್ಲಿ ವಾಪಸು ಸಿಕ್ಕ ಅಡಕತ್ತರಿಯಿಂದ ಕಟಕ್ ಕಟಕ್ ಅಂತ ಸಾಲ ತೀರಿಸುತ್ತಿದ್ದಳು.

ಹುಡುಗ ಆಮೇಲೆ ಎಲ್ಲೆಲ್ಲೋ ಇದ್ದ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಹೊತ್ತಿಗೆ ಉತ್ತರದ ಕಡೆ ಇದ್ದ ಅನ್ನುವುದಷ್ಟೇ ನಮಗೆ ಗೊತ್ತು. ಫೋನು ಹತ್ತುತ್ತಿರಲಿಲ್ಲ. ಉಧಂಪುರದ ಏರ್‌ಫೋರ್ಸ್ ನೆಲೆಯಲ್ಲಿ ಸಾರ್ಜೆಂಟ್ ಸುರೇಂದ್ರ ಕುಮಾರ್ ತೀರಿಕೊಂಡ ಸುದ್ದಿ ಬಂದ ದಿನ ಮಾವ ಪೇಪರನ್ನು ನಮ್ಮ ಮನೆಗೆ ಬರಗೊಡಲಿಲ್ಲ, ತಾನೇ ಅಡ್ಡಹಾಕಿ ಒಯ್ದ. ಮೆಡಿಕಲ್ ಅಸಿಸ್ಟೆಂಟ್ ಆಗಿದ್ದವರು ಅವರು, ರಾಜಸ್ಥಾನದವರು. ಎರಡು ದಿನದ ಮೇಲೆಯೋ ಮೂರು ದಿನದ ಮೇಲೆಯೋ ಹುಡುಗನ ಫೋನು ಬಂತು. ಮನೆ ತುಂಬ ಮಂದಿ. ಮಾವ ಫೋನಿನ ಮುಂದೆ ಕೈ ಅಡ್ಡ ಹಿಡಿದು ಮೊದಲೇ ಎಚ್ಚರಿಕೆ ಕೊಟ್ಟ: “ಎಲ್ಲಿದ್ದಿ ಅಂತ ಯಾರೂ ಕೇಳಬ್ಯಾಡ್ರಿ. ಏನ ನಡದೈತಿ ಅಂತ ಕೇಳಬ್ಯಾಡ್ರಿ. ಆರಾಮ ಅದಿಯೇನು, ಮುಗೀತು.”

ಅವ್ವ ಫೋನು ಕಿವಿಗೆ ಇಟ್ಟುಕೊಂಡಳು. “ಆರಾಮ ಅದಿಯೇನಪಾ? ಊಟಕ್ಕ ಅನ್ನ ಕೊಡತಾರೋ ಚಪಾತಿಯೋ?”

“ಅಕ್ಕಾ, ಅದನ್ನ ಕೇಳಬ್ಯಾಡ. ಅನ್ನ ಅಂದ್ರ ಯಾವ ಕಡೆ ಅದಾನ, ಚಪಾತಿ ಅಂದ್ರ ಯಾವ ಕಡೆ ಅದಾನ ಅಂತ ಗೊತ್ತಾಗತೈತಿ.”

“ಹಂಗಾರ ಏನ ಕೇಳ್ಲೋ ತಮ್ಮಾ? ಮಳಿ ಆಗೇತೇನು ಅಂತ ಕೇಳ್ಲಿ?”

“ಮಳಿ ಅಂತೂ ಬ್ಯಾಡs ಬ್ಯಾಡ!” ಅಂದ ಮಾವ.